ಗೂಗಿಯ ಬಾಣಂತನ

...ಅಥವಾ ಆ ಡಬ್ಬಿಯೊಳಗಿದ್ದದ್ದು ಚೇಳೇ ಅಲ್ಲ, ಒಣಗಿದ ಜೇಡವೂ ಇರಬಹುದು. ಚೇಳು ಎಂದು ಇಷ್ಟು ವರ್ಷ ನಾನೇ ಹೇಳುತ್ತ ಬಂದಿದ್ದೇನೆ. ಹೇಳಿ ಹೇಳಿ ಜೇಡಕ್ಕೆ ಕೊಂಡಿ ಮೂಡಿರಬೇಕು. ಖಚಿತವಾಗಿ ನೆನಪಿರುವುದು ಆ ಕೂಗು ಮಾತ್ರ. ಸ್ಟೇಶನ್ ಬಜಾರದಲ್ಲಿ ನಮ್ಮ ಎದುರು ಮನೆಯವರ ಕನ್ನಡಕದ ಅಂಗಡಿಯಲ್ಲಿ ಹೆಂಗಸೊಬ್ಬರು, ಹೊಸ ಕನ್ನಡಕ ಇಟ್ಟುಕೊಳ್ಳಲೆಂದು, ಕೌಂಟರಿನ ಮೇಲಿದ್ದ ಡಬ್ಬಿಯೊಂದನ್ನು ತೆರೆದರು. ಆಮೇಲೆ ಕೂಗು. ಹೊರಗೆ ನಿಂತಿದ್ದ ಆಟೋದವರು ಒಳಗೆ ನುಗ್ಗಿದರು. ಇವರು ಮಾತ್ರ ನಿಧಾನಕ್ಕೆ ಡಬ್ಬಿ ಎತ್ತಿಕೊಂಡು, ಒಳಗಿನದರ ಕಾಲು ಮುರಿದಿಲ್ಲವೆಂದು ಖಾತ್ರಿ ಮಾಡಿಕೊಂಡು, "ಇದು ನಿಮ್ಮ ನಂಬರಿಂದಲ್ಲ ಅಕ್ಕಾರ, ನಿಮ್ದು ಆ ಕೆಂಪು ಡಬ್ಬಿ" ಅಂದರು.

ಅವರ ಬಳಿ ಎಲ್ಲವೂ ಕನ್ನಡಕದ ಡಬ್ಬಿಗಳಲ್ಲೇ ಇರುತ್ತಿತ್ತು. ಹಾವಿನ ಪೊರೆ, ನೀಲಕಂಠದ ರೆಕ್ಕೆ, ಗೂಗಿ, ಅಂದರೆ ಗೂಬೆ, ತಿಂದು ಜೀರ್ಣವಾಗದೆ ಉಂಡೆ ಮಾಡಿ ಉಗುಳಿದ ಇಲಿಯ ಎಲುಬು. ಒಂದೊಂದು ಸಲ ಕನ್ನಡಕವೂ.

ಎತ್ತರದ ಮನುಷ್ಯ ಎಂದು ನನ್ನ ನೆನಪು. ಕಳೆದ ತಿಂಗಳು ಅವರ ನೆನಪಿನ ಸಭೆಯಲ್ಲಿ ಇಟ್ಟಿದ್ದ ಫೋಟೋಗಳನ್ನು ನೋಡಿದೆ, ಎಲ್ಲದರಲ್ಲೂ ಪಕ್ಕದವರ ಹೆಗಲಿಗೆ ಬರುತ್ತಾರೆ. ಯಾವುದನ್ನು ನಂಬಲಿ? ಸಭೆ ನಡೆದದ್ದು ನಮ್ಮ ಜೇವರ್ಗಿ ಕಾಲೋನಿಯಲ್ಲೇ. ಮಾತಾಡಿದವರೆಲ್ಲ ಇಸ್ತ್ರಿ ಮಾಡಿದ ನೆನಪುಗಳನ್ನು ತಂದಿದ್ದರು. ಅವರ ಬದುಕಿನಲ್ಲಿ ಇಸ್ತ್ರಿ ಕಂಡದ್ದು ಏನೂ ಇರಲಿಲ್ಲ, ಅಂಗಿಯನ್ನೂ ಸೇರಿಸಿ. ಪ್ರಾಣಿಪ್ರೇಮಿ, ನಿಸ್ವಾರ್ಥಿ, ಮಕ್ಕಳ ಮಿತ್ರ. ಕೊನೆಗೆ ಮಾತಾಡಿದವರು ಕಮಲಾಪುರದ ಗೂಗಿಯ ಕಥೆ ಹೇಳಿದರು: ಶಾಲೆಯಲ್ಲಿ ಗೂಡು ಕಟ್ಟಿದ್ದ ಗೂಗಿಯ ಸಂಸಾರವನ್ನು ಇವರು ಉಳಿಸಿದರು, ಹಾರಿಹೋಗಿದ್ದ ತಾಯಿ ಅದೇ ಸಂಜೆ ಮರಳಿ ಬಂದಳು, ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು.

ಅಲ್ಲಿ ನಾನಿದ್ದೆ. ಚಪ್ಪಾಳೆ ಇರಲಿಲ್ಲ. ಇದೊಂದು ನನಗೆ ಗೊತ್ತು. ಉಳಿದದ್ದರ ಬಗ್ಗೆ ಅಷ್ಟು ಧೈರ್ಯ ಇಲ್ಲದ್ದರಿಂದ ಬರೆಯಲು ಕೂತಿದ್ದೇನೆ.

ನಾನು ಅವರ ಎದುರು ಮನೆಯವನು. ನನ್ನ ಬಳಿ ಹಳೆಯದೊಂದು ವ್ಯಾನಿತ್ತು. ನಮ್ಮ ಸ್ನೇಹಕ್ಕೆ ಇದಕ್ಕಿಂತ ದೊಡ್ಡ ಕಾರಣ ಹುಡುಕಬೇಕಾಗಿಲ್ಲ. ವ್ಯಾನಿಗೆ ಮುಂದೆ ಹೋಗುವುದು ಬರುತ್ತಿತ್ತು, ಹಿಂದೆ ಬರುವುದು ಅಷ್ಟಾಗಿ ಬರುತ್ತಿರಲಿಲ್ಲ. ರಿವರ್ಸ್ ಗೇರು ಎಲ್ಲಿದೆ ಎಂಬುದನ್ನು ಪ್ರತಿ ಸಲವೂ ಹೊಸದಾಗಿ ಹುಡುಕಬೇಕಿತ್ತು. ಅವರು ಪಕ್ಕದಲ್ಲಿ ಕೂತು, "ಸಿಗ್ತದ್ರಿ, ಅಲ್ಲೇ ಎಲ್ಲೋ ಇರ್ತದ, ನಾಚ್ಕೊಂಡು ಕೂತಿರ್ತದ" ಎಂದು ಹುರಿದುಂಬಿಸುತ್ತಿದ್ದರು. ಪೊದೆಯಲ್ಲಿ ಅಡಗಿದ ಕೌಜುಗದ ಬಗ್ಗೆಯೂ ಅವರು ಆಡುತ್ತಿದ್ದದ್ದು ಇದೇ ಮಾತು, ಇದೇ ದನಿ.

ಮಕ್ಕಳಿಗೆ ಪ್ರಾಣಿ-ಪಕ್ಷಿಗಳ ಪಾಠ ಹೇಳಿ ಎಂದು ಅವರನ್ನು ಯಾರೂ ಕರೆದಿರಲಿಲ್ಲ. ಶುರುವಾದದ್ದು ಕಣ್ಣಿನ ತಪಾಸಣೆಯಿಂದ. ಶಾಲೆಗಳಲ್ಲಿ ಬಿಟ್ಟಿಯಾಗಿ ಕಣ್ಣು ನೋಡಲು ಹೋಗುತ್ತಿದ್ದರು. ಅಕ್ಷರದ ಪಟ ಗೋಡೆಗೆ ತೂಗುಹಾಕಿದರೆ, ಸಾಲಿನಲ್ಲಿ ಮುಂದಿದ್ದವನು ಓದಿದ್ದನ್ನು ಹಿಂದಿನವನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದ. ಕಣ್ಣು ಕಾಣದ ಹುಡುಗರೆಲ್ಲ ಪಾಸು. ಇದು ತಿಳಿದ ದಿನ ಅವರು ಪಟ ಸುತ್ತಿ ಕಂಕುಳಲ್ಲಿಟ್ಟುಕೊಂಡು ಮಕ್ಕಳನ್ನು ಬಯಲಿಗೆ ಕರೆತಂದರು. ಕರೆಂಟಿನ ತಂತಿ ತೋರಿಸಿದರು.

"ಮ್ಯಾಲ ಏನು ಕೂತಾವ?"

ತಂತಿಯ ಮೇಲಿನ ಹಕ್ಕಿಗಳನ್ನು ಬಾಯಿಪಾಠ ಮಾಡಲಾಗುವುದಿಲ್ಲ. ಮುಂದಿನವನು ಹೇಳಿ ಮುಗಿಸುವಷ್ಟರಲ್ಲಿ ಕಾಜಾಣ ಹಾರಿ ಅಲ್ಲಿಗೆ ಕಳ್ಳಿಪೀರ ಬಂದಿರುತ್ತದೆ. ಅವರ ಪಾಠಕ್ಕೆಲ್ಲ ಒಂದೇ ನಿಯಮ ಹುಟ್ಟಿದ್ದು ಅಲ್ಲೇ. "ಕಂಡದ್ದು ಹೇಳು. ಕಾಣದಿದ್ರ ಕಾಣಲ್ಲ ಅನ್ನು. ಬಾಜೂದವ ಅಂದದ್ದು ನೀ ಅನ್ನಬ್ಯಾಡ." ಈ ನಿಯಮವನ್ನು ಅವರು ಶಾಲೆ ಶಾಲೆಗಳಲ್ಲಿ ಹೇಳಿದರು. ಹುಡುಗರು ಅದನ್ನೂ ಬಾಯಿಪಾಠ ಮಾಡಿದರು.

ಕಾಣಲ್ಲ ಅಂದ ಹುಡುಗನೊಬ್ಬನಿಗೆ ಕನ್ನಡಕ ಬಂತು. ಮುಂದಿನ ಶನಿವಾರ ಅವನು ಓಡಿಬಂದು, "ಸರ್ರಾ, ನಮ್ಮ ಟೀಚರ್‌ಗೆ ಮೀಸಿ ಅವ!" ಅಂದ. ಟೀಚರು ಪಕ್ಕದಲ್ಲೇ ಇದ್ದರು. ಆ ಶಾಲೆಗೆ ನಮ್ಮನ್ನು ಕೆಲಕಾಲ ಬಿಟ್ಟುಕೊಳ್ಳಲಿಲ್ಲ.

ಅವರಿಗೆ ಬಹಳ ಗೊತ್ತಿತ್ತು ಎಂದು ಸಭೆಯಲ್ಲಿ ಎಲ್ಲರೂ ಹೇಳಿದರು. ನನಗೆ ಹಾಗನಿಸುವುದಿಲ್ಲ. ಅವರು ಹೇಳಿದ ಹಕ್ಕಿಯ ಹೆಸರು ಪುಸ್ತಕದಲ್ಲಿ ನೋಡಿದರೆ ಎಷ್ಟೋ ಸಲ ಬೇರೆ ಇರುತ್ತಿತ್ತು. ಕೇಳಿದರೆ, "ಪುಸ್ತಕದಾಗ ಬ್ಯಾರೆ ಊರಿಂದು ಬರದಾರ" ಎನ್ನುತ್ತಿದ್ದರು. ಮಕ್ಕಳು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ, "ಮುಂದಿನ ವಾರ ಅದನ್ನೇ ಕೇಳ್ಕೊಂಡು ಬಂದು ಹೇಳ್ತೀನಿ" ಎನ್ನುತ್ತಿದ್ದರು. ಅದನ್ನೇ ಎಂದರೆ ಆ ಪ್ರಾಣಿಯನ್ನೇ. ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಉರ್ದು, ಮಕ್ಕಳೊಂದಿಗೆ ಕನ್ನಡ, ಪ್ರಾಣಿಗಳೊಂದಿಗೆ ಈ ಮೂರರಲ್ಲಿ ಯಾವುದು ಮೊದಲು ಬಾಯಿಗೆ ಬರುತ್ತದೋ ಅದು.

ಇನ್ನು, ಅವರಿಗೆ ಹಲ್ಲಿ ಎಂದರೆ ಭಯ. ಇದನ್ನು ಸಭೆಯಲ್ಲಿ ಯಾರೂ ಹೇಳಲಿಲ್ಲ. ಹಲ್ಲಿ ಬಿದ್ದರೆ ಅಪಶಕುನ ಎಂಬುದು ಸುಳ್ಳು ಎಂದು ಮಕ್ಕಳಿಗೆ ಪಾಠ ಮಾಡಿದರು: "ಅದಕ್ಕ ಕಾಲು ಜಾರ್ಯದ, ಅಷ್ಟ. ನೀವು ಬಿದ್ರ ಹಲ್ಲಿ ಪಂಚಾಂಗ ನೋಡ್ತದೇನು?" ಅದೇ ತರಗತಿಯಲ್ಲಿ ಅವರ ಮೇಲೆ ಹಲ್ಲಿ ಬಿತ್ತು ಎಂದು ಬರೆಯಲು ಕೈ ತುರಿಸುತ್ತಿದೆ, ಆದರೆ ಅಷ್ಟು ಸರಿಯಾದ ಸಮಯಕ್ಕೆ ಯಾವ ಹಲ್ಲಿಯೂ ಬೀಳುವುದಿಲ್ಲ. ಮುಂದೆ ಎಂದೋ ಅಂಗಡಿಯಲ್ಲಿ ಬಿದ್ದಿರಬೇಕು. ಬಿದ್ದದ್ದು ಮಾತ್ರ ನಿಜ. ಸ್ಟೂಲಿನ ಮೇಲೆ ಹತ್ತಿ ನಿಂತಿದ್ದರು. ನಾನು ಓಡಿಸಿದ ಮೇಲೆ ಕೆಳಗಿಳಿದು, ದನಿ ತಗ್ಗಿಸಿ ಕೇಳಿದರು.

"ಯಾವ ಹೆಗಲಿಗೆ ಬಿತ್ತರಿ? ಎಡಕ್ಕೋ, ಬಲಕ್ಕೋ?"

"ಎಡಕ್ಕ."

"ಛೇ."

ಡ್ರಾಯರಿನಿಂದ ಪಂಚಾಂಗ ಹೊರಗೆ ಬಂತು. ನಾನು ನೋಡುತ್ತಿರುವುದನ್ನು ಕಂಡು, "ಸಂಶೋಧನಾರಿ, ಹಲ್ಲಿ ಮ್ಯಾಲೆ" ಅಂದರು.

ಪಾಠದ ಕ್ರಮ ಅವರದೇ. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತರನ್ನು ಏನು ಕೇಳುತ್ತಾರೋ ಅದನ್ನೇ ಪ್ರತಿ ಪ್ರಾಣಿಯ ಬಗ್ಗೆಯೂ ಕೇಳಿಸುತ್ತಿದ್ದರು. ಯಾವ ಊರು? ಯಾರ ಪೈಕಿ? ಏನು ಉಣ್ತೀರಿ? ಮಕ್ಕಳೆಷ್ಟು? ಒಬ್ಬ ಹುಡುಗ ಕೇರೆಹಾವಾಗಿ ಎದ್ದು ನಿಲ್ಲಬೇಕು, ಉಳಿದವರು ಕೇಳಬೇಕು.

"ಯಾರ ಪೈಕಿ ರೀ ನೀವು?"

"ನಾಗಪ್ಪನ ಪೈಕಿ ರೀ. ಆದ್ರ ನಮಗೂ ಅವರಿಗೂ ಬಾಳುವಿ ಬ್ಯಾರೆ ಆಗ್ಯದ. ವಿಷ ಎಲ್ಲಾ ಅವರ ಪಾಲಿಗೆ ಹೋಯ್ತು."

"ಮುಂಗಸಿ ನಿಮಗೇನಾಗಬೇಕು?"

"ಬೀಗರು."

ಮಕ್ಕಳು ನೆಲಕ್ಕೆ ಬಿದ್ದು ನಗುತ್ತಿದ್ದರು. ಆದರೆ ಹೀಗೆ ಒಮ್ಮೆ ಪೈಕಿ ಹಚ್ಚಿದ ಮೇಲೆ ಆ ಪ್ರಾಣಿಗೆ ಕಲ್ಲೆಸೆಯುವುದು ಕಷ್ಟವಾಗುತ್ತಿತ್ತು. ಸಂಬಂಧಿಕರಿಗೆ ಕಲ್ಲೆಸೆಯಬೇಕೆಂದು ಅನಿಸುವುದು ಬೇರೆ, ಎಸೆಯುವುದು ಬೇರೆ.

ಶನಿವಾರ ಬೆಳಗಿನ ಶಾಲೆ. ಆ ದಿನ ನಾವು ಕಮಲಾಪುರಕ್ಕೆ ಹೋಗುತ್ತಿದ್ದೆವು. ಊರ ಅಂಚಿನಲ್ಲಿ, ಕೆಂಪು ಬಾಳೆಯ ತೋಟಕ್ಕೆ ಆತುಕೊಂಡು ಒಂದು ಶಾಲೆ. ಪಾಠ ಮುಗಿದ ಮೇಲೆ ಅವರು ಮಕ್ಕಳನ್ನು ಕಟ್ಟಿಕೊಂಡು ತೋಟ, ಹಳ್ಳ, ಗುಡ್ಡದ ಅಂಚು ಎಂದು ತಿರುಗುತ್ತಿದ್ದರು. ಆದರೆ ಹೊತ್ತು ಇಳಿಯುತ್ತಿದ್ದಂತೆ ಚಡಪಡಿಕೆ ಶುರು. "ನಡೀರಿ, ನಡೀರಿ, ದೀಪ ಹಚ್ಚೋ ಹೊತ್ತಿಗೆ ನಾ ಮನ್ಯಾಗ ಇರಬೇಕು, ಸಂಧ್ಯಾವಂದನಿ ಅದ." ಅವರ ಸಂಧ್ಯಾವಂದನೆಯನ್ನು ಎದುರು ಮನೆಯಲ್ಲಿದ್ದ ನಾನು ಒಂದು ದಿನವೂ ಕಂಡಿರಲಿಲ್ಲ. ಒಮ್ಮೆ ಹೊರಡುವುದು ತಡವಾಯಿತು. ಮಬ್ಬುಗತ್ತಲಲ್ಲಿ ಎದುರಿನಿಂದ ಬಂದವರಿಗೆ ಅವರು ಕೈಯೆತ್ತಿ, "ನಮಸ್ಕಾರ್ರಿ ಗೌಡ್ರ, ಈಗ ಬಂದ್ರೇನು?" ಅಂದರು. ಅದು ಎಮ್ಮೆ. ಜೊತೆಗಿದ್ದ ಮಕ್ಕಳು ಕಿಸಕ್ಕೆಂದರು. ಅವರು ಸ್ವಲ್ಪವೂ ಗಲಿಬಿಲಿಗೊಳ್ಳದೆ, "ಯಾಕ, ಎಮ್ಮಿಗೆ ನಮಸ್ಕಾರ ಮಾಡಬಾರದಂತ ಅದೇನು?" ಅಂದು, ಅದನ್ನೂ ಒಂದು ಪಾಠ ಮಾಡಿದರು.

ನಾನೂ ನಕ್ಕಿದ್ದೆ. ಅವರಿಗೆ ಇರುಳುಗಣ್ಣು, ಹೊತ್ತು ಮುಳುಗಿದರೆ ಚಿಕ್ಕಂದಿನಿಂದಲೂ ಏನೂ ಕಾಣುತ್ತಿರಲಿಲ್ಲ ಎಂದು ನನಗೆ ತಿಳಿದದ್ದು ಕಳೆದ ತಿಂಗಳು, ಅದೇ ಸಭೆಯಲ್ಲಿ. ಅವರ ತಮ್ಮ ಚಹಾ ಕುಡಿಯುತ್ತ ಸಹಜವಾಗಿ ಅಂದರು: "ಗೊತ್ತಿರಲಿಲ್ಲೇನು ನಿಮಗ? ಚಷ್ಮಾ ಮಾರಾವ ಕಾಣಲ್ಲ ಅಂದ್ರ ಧಂಧಾ ನಡೀತದೇನ್ರಿ, ಅದಕ್ಕ ಮುಚ್ಚಿಟ್ಟಿದ್ದ." ಅಲ್ಲಿಯವರೆಗೆ ನನ್ನ ತಲೆಯಲ್ಲಿ ತಣ್ಣಗೆ ಮಲಗಿದ್ದ ಗೂಗಿಯ ಸಂಜೆ ಎದ್ದು ಕೂತಿತು.

ಈಗ ಗೂಗಿ.

ಆ ಶಾಲೆಯಲ್ಲಿ ಮುರುಕು ಬೆಂಚು ತುಂಬಿದ ಒಂದು ಕೋಣೆಯಿತ್ತು. ಅದರ ಗೋಡೆಯ ಮೇಲ್ತುದಿಯಲ್ಲಿ, ಒಡೆದ ಗಾಳಿಕಿಂಡಿಯ ಹಿಂದಿನ ಪೊಳ್ಳಿನಲ್ಲಿ, ಬಿಳಿ ಗೂಗಿಯೊಂದು ಮರಿ ಮಾಡಿತ್ತು. ಅರ್ಧಕ್ಕೆ ಕೊಯ್ದ ಸೇಬಿನಂತಹ ಮುಖ. ಮರಿಗಳು ಕಾಣುತ್ತಿರಲಿಲ್ಲ, ಕೇಳುತ್ತಿದ್ದವು. ಕುಕ್ಕರು ಸಿಳ್ಳೆ ಹಾಕುವ ಮುಂಚೆ ಬುಸುಗುಡುವ ಹಾಗೆ. ಮಕ್ಕಳು ಗೂಗಿಯ ಪೈಕಿ, ಊಟ, ಉಗುಳಿದ ಉಂಡೆ ಎಲ್ಲ ವಿಚಾರಿಸಿ ಮುಗಿಸಿದ್ದರು. ಏಪ್ರಿಲ್ಲಿನ ಒಂದು ಶನಿವಾರ ನಾವು ಹೋದಾಗ ಖಾಸಿಂ ಎಂಬ ಗೌಂಡಿ ಬೇವಿನ ಮರದ ಕೆಳಗೆ ಸಿಮೆಂಟು ಕಲಸುತ್ತಿದ್ದ. ಕಿಂಡಿ ಮುಚ್ಚಲು.

ಹೆಡ್ ಮಾಸ್ತರರು ಒಳ್ಳೆಯವರು. ಅದೇ ತೊಂದರೆ. ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು.

"ನಾ ಇಂಥಾವೆಲ್ಲ ನಂಬಲ್ಲರಿ," ಅಂದರು. "ಗೂಗಿ ಅಪಶಕುನ ಅನ್ನೋದು ಸುಳ್ಳು ಅಂತ ನಾನೇ ಪಾಠ ಮಾಡೀನಿ. ಆದ್ರ ನಂಬೋರ ಮನಿಗೆ ಮಗಳನ್ನ ಕೊಡ್ಲಾಕತ್ತೀನಲ್ರಿ. ಬರೋ ವಾರ ಬೀದರ ಕಡಿಂದ ಮಂದಿ ಬರ್ತಾರ. ನಿಮ್ಮ ಸಾಲ್ಯಾಗ ಗೂಗಿ ಅದ ಅಂತಲ್ಲ ಅಂತ ಫೋನಿನ್ಯಾಗೇ ಕೇಳ್ಯಾರ."

ಇವರು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸತೊಡಗಿದರು. ಯೋಚನೆ ಬಂದಾಗ ಹೀಗೆ. ಒರೆಸಿದ ಮೇಲೆ ಕನ್ನಡಕ ಮೊದಲಿಗಿಂತ ಹೊಲಸಾಗುತ್ತಿತ್ತು.

"ಮಾಸ್ತರ್ರ, ಆಕಿ ಯಾಕ ಬಂದಾಳ ಇಲ್ಲಿ?"

"ಯಾರು?"

"ಗೂಗಿ. ಹಡೀಲಾಕ ಬಂದಾಳ. ಹಡೀಲಾಕ ಹೆಣ್ಣುಮಗಳು ಎಲ್ಲಿಗೆ ಬರ್ತಾಳ? ತವರಿಗೆ. ನಿಮ್ಮ ಸಾಲೀನ ತವರು ಅಂತ ತಿಳದಾಳ ಆಕಿ. ಹಸಿ ಬಾಣಂತಿನ್ನ ಒಳಗಿಟ್ಟು ಗ್ವಾಡಿ ಕಟ್ಟಿಸ್ತೀರೇನು?" ಆಮೇಲೆ ಮೆಲ್ಲಗೆ, "ನಾಳೆ ನಿಮ್ಮ ಮಗಳೂ ಬಾಣಂತನಕ್ಕ ನಿಮ್ಮ ಮನಿಗೇ ಬರಾಕಿ ಅಲ್ಲರಿ?"

ಇದು ಅನ್ಯಾಯದ ಮಾತು. ಹೆಡ್ ಮಾಸ್ತರರ ಕಣ್ಣು ಒದ್ದೆಯಾದದ್ದನ್ನು ನಾನು ನೋಡಿದೆ. (ಅಥವಾ ಬಿಸಿಲಿಗೆ ಬೆವರಿಳಿದಿತ್ತು.) ಅಷ್ಟರಲ್ಲಿ ಖಾಸಿಂ ಬೇವಿನ ಕೆಳಗಿನಿಂದ ಕೂಗಿದ: "ಸಾಬ್, ಜಲ್ದಿ ಬೋಲೋ! ಬಾಣಂತಿ ನಿಂದಿರ್ತಾಳ, ಸಿಮೆಂಟ್ ನಿಂದ್ರಲ್ಲ!"

ಮರಿ ಹಾರುವ ತನಕ ಕಿಂಡಿ ಮುಚ್ಚುವುದಿಲ್ಲ ಎಂದು ಹೆಡ್ ಮಾಸ್ತರರು ಒಪ್ಪಿದರು. ಒಂದು ಷರತ್ತು: ತಾಯಿ ಗೂಡು ಬಿಟ್ಟು ಹೋದಳೆಂದರೆ ಅಂದಿಗೆ ಮುಗಿಯಿತು, ಮರುದಿನ ಕಿಂಡಿ ಬಂದ್. ಇವರು ಕೈಮೇಲೆ ಕೈ ಹೊಡೆದರು. ಕಲಸಿದ್ದು ಹಾಳಾಗಬಾರದೆಂದು ಖಾಸಿಂ ಆ ಸಿಮೆಂಟಿನಲ್ಲಿ ಬೇವಿನ ಮರದ ಕಟ್ಟೆಯ ಬಿರುಕು ಮೆತ್ತಿ ಹೋದ. ವ್ಯಾನಿನಲ್ಲಿ ಬರುವಾಗ ಇವರು ಬಹಳ ಖುಷಿಯಲ್ಲಿದ್ದರು. ಗೂಗಿಯನ್ನು ಬಾಣಂತಿ ಮಾಡಿದ್ದು ತಮ್ಮ ಜೀವಮಾನದ ಪಾಠ ಎಂದರು. ಪಾಠ ಹಿಡಿಸಿದ ಮಕ್ಕಳು ಮನೆಗೆ ಹೋಗಿ ಅದನ್ನು ಹೇಳುತ್ತಾರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಮುಂದಿನ ಶನಿವಾರ ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ. ಶಾಲೆಯ ಹತ್ತಿರ ವ್ಯಾನು ನಿಲ್ಲಿಸಿದಾಗ ಆ ಕೋಣೆಯ ಬಾಗಿಲಿಗೆ ಬೇವಿನ ತಪ್ಪಲ ಕಟ್ಟಿತ್ತು. ಹೊಸ್ತಿಲ ಬಳಿ ಒಂದು ಹಳೆ ಚಪ್ಪಲಿ, ಒಂದು ಕುಡುಗೋಲು. ದೃಷ್ಟಿಯಾಗಬಾರದೆಂದು ಬಾಣಂತಿಯ ಕೋಣೆಗೆ ಇಡುವ ಸಾಮಾನೆಲ್ಲ ಇತ್ತು. ಇದನ್ನೆಲ್ಲ ಮಾಡಿಸಿದವಳು ಜಗದೇವಿ ಎಂಬ ಹುಡುಗಿ. ತರಗತಿಯಲ್ಲಿ ಗೂಗಿಯ ಪಾತ್ರ ಮಾಡಿದ್ದವಳು, ತಲೆ ಪೂರ್ತಿ ಹಿಂದಕ್ಕೆ ತಿರುಗಿಸಲು ಹೋಗಿ ಕುತ್ತಿಗೆ ಉಳುಕಿಸಿಕೊಂಡಿದ್ದವಳು. ಇವರು ಹಿರಿಹಿರಿ ಹಿಗ್ಗಿದರು.

"ನೋಡ್ರಿ, ನೋಡ್ರಿ! ಯಾವ ಪುಸ್ತಕದಾಗ ಬರ್ತದ ಇದು?"

ಅಷ್ಟರಲ್ಲಿ ಜಗದೇವಿಯ ಅಜ್ಜಿ ನಿಂಗಮ್ಮ ಆಯಿ, ಊರಿನ ಅರ್ಧ ಬಾಣಂತಿಯರಿಗೆ ಎಣ್ಣೆ ನೀರು ಹಾಕಿದವಳು, ಇನ್ನಿಬ್ಬರು ಹೆಂಗಸರೊಂದಿಗೆ ಬಂದಳು. ಕೈಯಲ್ಲಿ ಬಾಣಂತಿಯರಿಗೆ ಕೊಡುವ ಅಂಟಿನ ಉಂಡೆಯ ಡಬ್ಬಿ.

"ಗೂಗಿ ಅಂಟಿನ ಉಂಡಿ ತಿನ್ನಲ್ಲ ಆಯಿ," ಇವರು ನಗುತ್ತ ಹೇಳಿದರು.

"ಅಷ್ಟು ತಿಳೀತದಪ್ಪಾ ನನಗ. ಇದು ಹುಡುಗರಿಗೆ. ಆಕಿಗೆ ಏನು ಬೇಕು ನಾ ತಂದೀನಿ. ಸರಿ, ದಾರಿ ಬಿಡು."

ಇವರು ಒಳಗೆ ಹೋಗಲು ಹೆಜ್ಜೆಯಿಟ್ಟರೆ ಆಯಿ ಸೆರಗು ಅಡ್ಡ ಹಿಡಿದಳು.

"ಎಲ್ಲಿಗೆ? ಬಾಣಂತಿ ಕ್ವಾಣ್ಯಾಗ ಗಂಡಸರದೇನು ಕೆಲಸ? ಬಾಣಂತಿ ಅಂತ ಹೇಳಾವ ನೀನ, ಒಳಗ ಬರಾವ ನೀನ!"

ಹೆಡ್ ಮಾಸ್ತರರು ಗೊಳ್ಳೆಂದು ನಕ್ಕರು. ಇವರಿಗೆ ತಮ್ಮ ಮಾತೇ ಬಾಗಿಲಾಗಿ ಮುಖಕ್ಕೆ ಹಾಕಿಕೊಂಡಿತ್ತು. ನಾವು ಗಂಡಸರೆಲ್ಲ ಹುಡುಗರೊಂದಿಗೆ ಬೇವಿನ ಕಟ್ಟೆಯ ಮೇಲೆ ಕೂತು ಅಂಟಿನ ಉಂಡೆ ತಿಂದೆವು. ಇವರು ಇಲಿಯ ಎಲುಬಿನ ಡಬ್ಬಿ ತೆರೆದು ಪಾಠ ಶುರು ಮಾಡಿದರು. ಏನೋ ಹೇಳುತ್ತಿದ್ದವರು ನಡುವೆ ನಿಲ್ಲಿಸಿ ಮೂಗು ಎತ್ತಿದರು.

"ಅಜವಾನದ ವಾಸನಿ ಅಲ್ಲರಿ?"

ಆಮೇಲೆ ಲೋಬಾನದ ವಾಸನೆ ಬಂತು. ಉರುಸಿನ ಸಮಯದಲ್ಲಿ ದರ್ಗಾದ ಸುತ್ತಲಿನ ರೋಜಾ ಬಡಾವಣೆಯ ಓಣಿಗಳಲ್ಲಿ ಬರುತ್ತದಲ್ಲ, ಹಾಗೆ ದಟ್ಟವಾಗಿ. ಬಾಗಿಲ ಸಂದಿಯಿಂದ ಬಿಳಿ ಹೊಗೆ ಹೊರಬಂತು. ಬಾಣಂತಿಗೆ, ಕೂಸಿಗೆ ಥಂಡಿ ಹತ್ತಬಾರದೆಂದು ಹೊಗೆ ಕೊಡುವುದು ನಮ್ಮಲ್ಲಿ ಯಾರೂ ಬಿಡದ ಪದ್ಧತಿ. ಹೊರಗೆ ಕಲಬುರಗಿಯ ಏಪ್ರಿಲ್ ಬಿಸಿಲು, ಹಂಚು ಮುಟ್ಟಿದರೆ ಬೊಬ್ಬೆ ಏಳುವಂಥದು. ಒಳಗೆ ಮೂವರು ಹೆಂಗಸರು ಗೂಗಿಗೆ ಥಂಡಿಯಾಗದಂತೆ ಶೆಗಡಿಯ ಕೆಂಡ ಊದುತ್ತಿದ್ದರು.

ಇವರು ಎದ್ದು ಓಡಿದರು. ಅಥವಾ ಎಲ್ಲರಿಗಿಂತ ಮೊದಲು ಓಡಿದವನು ನಾನೇ. ಇಲ್ಲಿ ನನ್ನ ನೆನಪು ನನ್ನ ಪರವಾಗಿ ಸಾಕ್ಷಿ ಹೇಳುತ್ತಿದೆ, ಅದಕ್ಕೇ ನಂಬುವುದಿಲ್ಲ. ಯಾರೂ ಬಾಗಿಲು ಮುಟ್ಟುವ ಮುಂಚೆ ಕಿಂಡಿಯಿಂದ ಗೂಗಿ ಹೊರಬಿತ್ತು. ನಡುಹಗಲಿನಲ್ಲಿ, ಅಷ್ಟು ಬೆಳ್ಳಗೆ, ಒಂದಿಷ್ಟೂ ಸದ್ದಿಲ್ಲದೆ. ಸದ್ದು ಮಾಡಿದ್ದು ಕಾಗೆಗಳು. ಎಲ್ಲಿದ್ದವೋ, ಬಂದು ಮುತ್ತಿಕೊಂಡವು. ಗೂಗಿ ಒಮ್ಮೆ ಬೇವಿಗೆ ಬಡಿದು, ಎದ್ದು, ಬಾಳೆಯ ತೋಟದ ಕಡೆ ಹೋಯಿತು. ಕಾಗೆಗಳೂ ಹಿಂದೆ ಹೋದವು.

ಆಯಿ ಹೊಗೆಯಿಂದ ಹೊರಬಂದು, ಕಣ್ಣೊರೆಸಿಕೊಂಡು, "ಹೊಗಿ ಬರೋಬ್ಬರಿ ಹತ್ಯದ" ಅಂದಳು. ಎಲ್ಲರ ಮುಖ ನೋಡಿದಳು. ಆಕಾಶ ನೋಡಿದಳು. ಹಾಗೇ ಮೆಟ್ಟಿಲ ಮೇಲೆ ಕೂತಳು.

ಮರಿಗಳು ಒಳಗೆ ಬುಸುಗುಡುತ್ತಲೇ ಇದ್ದವು.

ಜಗದೇವಿ ಅಳತೊಡಗಿದಳು. "ನಮ್ಮ ಆಯಿ ಮರಿಗೋಳನ್ನ ಕೊಂದಂಗ ಆಯ್ತಲ್ರಿ ಸರ್ರಾ. ನಾನೇ ಕರ್ಕೊಂಡು ಬಂದೆ." ಆಯಿಯ ಬಾಯಿ ಸೆರಗಿನೊಳಗೆ ಹೋಯಿತು. ಎಷ್ಟೋ ಮನೆಗಳಲ್ಲಿ ಎಷ್ಟೋ ಕೂಸುಗಳನ್ನು ಉಳಿಸಿದ ಕೈಗಳನ್ನು ಅವಳು ಮಡಿಲಲ್ಲಿಟ್ಟುಕೊಂಡು ನೋಡುತ್ತಿದ್ದಳು, ಯಾರೋ ಬೇರೆಯವರವು ಎಂಬಂತೆ. ಹೆಡ್ ಮಾಸ್ತರರು ಷರತ್ತಿನ ಮಾತೆತ್ತಲಿಲ್ಲ. ಎತ್ತುವ ಅಗತ್ಯವಿರಲಿಲ್ಲ.

ಇವರು ಯಾರನ್ನೂ ಬೈಯಲಿಲ್ಲ. ಕನ್ನಡಕ ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. ಆಮೇಲೆ ಆಯಿಯ ಪಕ್ಕ ಮೆಟ್ಟಿಲ ಮೇಲೆ ಕೂತು, "ಹೊಗಿ ಸ್ವಲ್ಪ ಜಾಸ್ತಿ ಆಯ್ತು, ಅಷ್ಟ ಆಯಿ. ಬಾಣಂತಿ ಹೊರಗ ಗಾಳಿಗೆ ಹೋಗ್ಯಾಳ. ಹೊತ್ತು ಮುಳುಗಿದ ಮ್ಯಾಲ ಬರ್ತಾಳ" ಅಂದರು.

"ಬರ್ಲಿಲ್ಲಂದ್ರ?"

"ಮಕ್ಕಳನ್ನ ಬಿಟ್ಟು ಎಲ್ಲಿ ಹೋಗ್ತಾಳ?"

ಗೂಗಿಗಳು ಮಕ್ಕಳನ್ನು ಬಿಟ್ಟು ಹೋಗುವುದುಂಟು. ಅದನ್ನು ಅದೇ ಮಕ್ಕಳಿಗೆ ಅದೇ ತಿಂಗಳು ಇವರೇ ಹೇಳಿದ್ದರು.

ಯಾರೂ ಮನೆಗೆ ಹೋಗಲಿಲ್ಲ. ಮಧ್ಯಾಹ್ನ ಎಂಬುದು ಇಷ್ಟು ಉದ್ದ ಇರುತ್ತದೆಂದು ನನಗೆ ಗೊತ್ತಿರಲಿಲ್ಲ. ತೋಟದವರು ಕೆಂಪು ಬಾಳೆಹಣ್ಣು ಕಳಿಸಿದರು. ಖಾಸಿಂ ಗೌಂಡಿ ಸುದ್ದಿ ಕೇಳಿ ಬಂದ. ಕೆಲಸದ ಸಾಮಾನು ತಂದಿಲ್ಲ ಎಂದು ಎರಡೂ ಕೈ ಎತ್ತಿ ತೋರಿಸಿ, ತಾನೇ ಮೆತ್ತಿದ ಕಟ್ಟೆಯ ಮೇಲೆ ಕೂತ. ಹೆಡ್ ಮಾಸ್ತರರಿಗೆ ಮನೆಯಿಂದ ಫೋನು ಬಂತು. ಬೀದರಿನವರು ನಾಳೆಯೇ ಬರುತ್ತಾರಂತೆ. "ಬರ್ಲಿ," ಅಂದರು ಅವರು. "ಇಲ್ಲೂ ಬರೋರು ಒಬ್ರು ಅದಾರ, ಮೊದಲ ಅವರು ಬರ್ಲಿ."

ಹೊತ್ತು ಇಳಿಯಿತು. ದೀಪ ಹಚ್ಚುವ ಹೊತ್ತಾಯಿತು. ಸಂಧ್ಯಾವಂದನೆಯ ಮಾತು ಇವರ ಬಾಯಿಂದ ಬರಲಿಲ್ಲ. ಅದು ನನಗೆ ವಿಚಿತ್ರ ಅನಿಸಿತ್ತು, ಅಥವಾ ಈಗ ಅನಿಸುತ್ತಿದೆ. ಮಕ್ಕಳು ಕಿಂಡಿಯ ಕೆಳಗೆ ಸಾಲಾಗಿ ನಿಂತಿದ್ದರು. ಇವರು ಬೇವಿನ ಕಾಂಡ ಹಿಡಿದು, ಕಿಂಡಿಯತ್ತ ಮುಖ ಮಾಡಿ ನಿಂತಿದ್ದರು. ಜಗದೇವಿ ಅವರ ಅಂಗಿಯ ಚುಂಗು ಹಿಡಿದುಕೊಂಡಿದ್ದಳು. ಬಯಲೆಲ್ಲ ಬೂದಿಬಣ್ಣಕ್ಕೆ ತಿರುಗಿತು. ಗೋಡೆ ಯಾವುದು, ಕಿಂಡಿ ಯಾವುದು ಎಂದು ನನಗೂ ಕಷ್ಟಪಟ್ಟು ಕಾಣುತ್ತಿತ್ತು. ಇನ್ನು ತಡವಾದರೆ ಆಗದು, ವ್ಯಾನು ತಿರುಗಿಸಿ ಇಡೋಣ ಎಂದು ನಾನು ಹೋದೆ.

ಆಗ ಅವರ ದನಿ ಕೇಳಿತು.

"ಬಂದಳು!"

ಒಂದು ಕ್ಷಣ ಏನೂ ಇಲ್ಲ. ಆಮೇಲೆ ಜಗದೇವಿ: "ಹೌದ್ರಿ ಸರ್ರಾ, ಬಂದಳು!" ಆಮೇಲೆ ಎಲ್ಲ ಮಕ್ಕಳೂ, "ಬಂದಳು, ಬಂದಳು!"

ನಾನು ತಿರುಗಿ ನೋಡಿದಾಗ ಆಕಾಶ ಖಾಲಿ, ಕಿಂಡಿ ಕಪ್ಪು. ಮರಿಗಳ ಸದ್ದು ನಿಂತಿತ್ತೋ, ಮಕ್ಕಳ ಗದ್ದಲದಲ್ಲಿ ಕೇಳಿಸಲಿಲ್ಲವೋ. ನಿಂಗಮ್ಮ ಆಯಿ ಕಿಂಡಿಗೆ ಕೈ ಮುಗಿದು, ಗಟ್ಟಿಯಾಗಿ ಅಳುತ್ತಿದ್ದಳು. ಹೆಡ್ ಮಾಸ್ತರರು ಖಾಸಿಂನ ಬೆನ್ನು ತಟ್ಟುತ್ತಿದ್ದರು, ಅವನೇ ಹಡೆದ ಹಾಗೆ. ಇವರು ಕಾಂಡ ಬಿಟ್ಟು, ಗಾಳಿಯಲ್ಲಿ ಕೈಯಾಡಿಸುತ್ತ, ನಾನು ಎಂದುಕೊಂಡು ಖಾಸಿಂನ ಮೊಣಕೈ ಹಿಡಿದರು.

ದಾರಿಯಲ್ಲಿ ಕೇಳಿದೆ. "ನೀವು ಖರೇನ ನೋಡಿದ್ರೇನು?"

"ಅಷ್ಟು ಜೋಡಿ ಕಣ್ಣು ನೋಡ್ಯಾವಲ್ರಿ. ನನ್ನ ಒಂದ ಜೋಡಿ ಯಾಕ ಬೇಕು ನಿಮಗ?" ಎಂದು ಸೀಟಿಗೆ ತಲೆ ಆನಿಸಿ ಕಣ್ಣು ಮುಚ್ಚಿದರು.

ಬೀದರಿನವರು ಬಂದರು, ಹುಡುಗಿಯನ್ನು ಒಪ್ಪಿದರು, ಲಗ್ನವಾಯಿತು. ಗೂಗಿಯಿಂದ ಆಯಿತೋ, ಗೂಗಿ ಇದ್ದರೂ ಆಯಿತೋ ಎಂದು ಹೆಡ್ ಮಾಸ್ತರರು ಯೋಚಿಸಲು ಹೋಗಲಿಲ್ಲ. ಆ ಕೋಣೆಗೆ ಬೀಗ ಹಾಕಿ ರಜೆಗೆ ಹೋಗಿದ್ದರು. ಕಿಂಡಿ ಮುಚ್ಚಿಸಲಿಲ್ಲ. ಶಾಲೆ ಮತ್ತೆ ಶುರುವಾದಾಗ ಬೆಂಚಿನ ಮೇಲೆ ಬೆಂಚು ಇಟ್ಟು ಹತ್ತಿ ನೋಡಿದರೆ ಗೂಡು ಬರಿದಾಗಿತ್ತು. ಒಂದಿಷ್ಟು ಬಿಳಿ ತುಪ್ಪಳ, ಎಲುಬಿನ ಉಂಡೆಗಳು. ಮರಿಗಳು ಹಾರಿಹೋದವು ಎಂದು ಇವರು ಮಕ್ಕಳಿಗೆ ಹೇಳಿದರು. ಹಾರಿಹೋದರೂ ಗೂಡು ಹೀಗೇ ಬರಿದಾಗಿರುತ್ತದೆ, ಬೆಕ್ಕು ಬಂದಿದ್ದರೂ ಹೀಗೇ. ಉಂಡೆಗಳನ್ನು ಒಂದು ಕನ್ನಡಕದ ಡಬ್ಬಿಗೆ ತುಂಬಿಕೊಂಡರು.

ಸಭೆ ಮುಗಿದ ಮೇಲೆ ಹೊರಗೆ ಚಪ್ಪಲಿ ಹುಡುಕುತ್ತಿದ್ದಾಗ ಒಬ್ಬ ಯುವತಿ ಬಂದು ಮಾತಾಡಿಸಿದಳು. ಜಗದೇವಿ. ಈಗ ನರ್ಸಿಂಗ್ ಓದುತ್ತಾಳೆ. ನಿಂಗಮ್ಮ ಆಯಿ ಹೋಗಿ ಬಹಳ ದಿನವಾಯಿತಂತೆ. ಕೊನೆಯ ತನಕ ಮನೆಗೆ ಬಂದವರಿಗೆಲ್ಲ, ನಾನು ಗೂಗಿಯ ಬಾಣಂತನ ಮಾಡಿದಾಕಿ ಎಂದು ಹೇಳಿಕೊಳ್ಳುತ್ತಿದ್ದಳಂತೆ. ನಾನು ಸುತ್ತು ಬಳಸದೆ ಕೇಳಿದೆ.

"ಸರ್‌ಗೆ ಸಂಜಿ ಮುಂದ ಕಣ್ಣು ಕಾಣಲ್ಲ ಅಂತ ನಿಮಗ ಗೊತ್ತಿತ್ತೇನು ಆಗ?"

ಅವಳಿಗೆ ನಗು ಬಂತು. "ಎಮ್ಮಿಗೆ ಗೌಡ್ರ ಅಂದದ್ದು ನಾವೆಲ್ಲ ನೋಡಿದ್ವಲ್ರಿ ಅಂಕಲ್."

"ಹಂಗಾದ್ರ ಆ ಗೂಗಿ? ನೀ ನೋಡಿದ್ದೇನು?"

ಅವಳು ಚಪ್ಪಲಿಗೆ ಕಾಲು ಹಾಕಿದಳು.

"ಬಂದಳು ಅಂತ ಸರ್ ಅಂದ್ರಲ್ರಿ," ಅಂದಳು. "ಕಾಣದ್ದು ಹೇಳೋ ಮಂದಿ ಅಲ್ಲಲ್ರಿ ಅವರು."

ಆಟೋ ಬಂತು. ಕೈ ಬೀಸಿ ಹೋದಳು.

ಗೂಗಿ ಅಂದು ಬಂತೋ ಇಲ್ಲವೋ, ನನಗೆ ಗೊತ್ತಿಲ್ಲ. ಕಣ್ಣು ಚೆನ್ನಾಗಿ ಕಾಣುವ, ಯಾರ ಮುಖ ನೋಡಿಯೂ ಏನೂ ಹೇಳಬೇಕಾಗಿರದ ಒಬ್ಬನೇ ಒಬ್ಬ ಅಲ್ಲಿದ್ದವನು ನಾನು. ನಾನು ಆಗ ಬಗ್ಗಿ ವ್ಯಾನಿನ ರಿವರ್ಸ್ ಗೇರು ಹುಡುಕುತ್ತಿದ್ದೆ.